ಪಿಕಪ್‌ಗೆ ಎಲ್‌ಟಿ ರೇಡಿಯಲ್, ದಪ್ಪ ಟೈರ್-ಅಲಾಯ್, ನೈಲಾನ್: ಲೋಡಿಗೆ ಯಾವುದು ನಿಲ್ಲುತ್ತೆ?

ಟೈರ್ ದಪ್ಪ ಆದಷ್ಟೂ ಗಾಡಿ ಜಾಸ್ತಿ ಹೊರುತ್ತೆ ಅನ್ನೋ ನಂಬಿಕೆ ಮಂಡ್ಯ, ಮದ್ದೂರು, ಪಾಂಡವಪುರದ ಪಿಕಪ್ ಮಾಲೀಕರಲ್ಲಿ ಬಲವಾಗಿದೆ. ಅದು ತಪ್ಪು. ಲೋಡು ತೀರ್ಮಾನ ಮಾಡೋದು ಟೈರ್‌ನ ಪಕ್ಕದಲ್ಲಿ ಅಚ್ಚಾಗಿರುವ ಲೋಡ್ ಇಂಡೆಕ್ಸ್ (ಎಷ್ಟು ಕೆಜಿ ಹೊರುತ್ತೆ ಅನ್ನೋದರ ಸಂಕೇತ ಸಂಖ್ಯೆ), ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ) ಹಿಂಭಾಗದಲ್ಲಿ ಕೊರೆದಿರುವ ತೂಕ ಮತ್ತು ಆಕ್ಸಲ್‌ನ ಮಿತಿ. ಮೂರರಲ್ಲಿ ಯಾವುದು ಕಡಿಮೆಯೋ ಅದೇ ಗಾಡಿಯ ಶಕ್ತಿ. ಒಂದನ್ನು ಮಾತ್ರ ದೊಡ್ಡದು ಮಾಡಿ ಪ್ರಯೋಜನ ಇಲ್ಲ.

ಒಂದೇ ಪಿಕಪ್‌ಗೆ ಮೂರು ಥರ ಹಾಕಿ, ಎಳನೀರು, ಬೆಲ್ಲ, ಗೊಬ್ಬರದ ಮೂಟೆ ಹೇರಿ ಓಡಿಸಿ ನೋಡಿದ ಮೇಲೆ ಬರೆದ ಹೋಲಿಕೆ ಇದು. ಮೊದಲನೆಯದು, ಐದೂವರೆ ಇಂಚು ಅಗಲದ ಸ್ಟೀಲ್ ಡಿಸ್ಕ್, 215/75 ಆರ್15 (ಅಗಲ 215 ಮಿಮೀ, ಡಿಸ್ಕ್ ವ್ಯಾಸ 15 ಇಂಚು) ಎಲ್‌ಟಿ, ಅಂದರೆ ಲೈಟ್ ಟ್ರಕ್ ರೇಡಿಯಲ್, 8 ಪಿಆರ್ (ಪ್ಲೈ ರೇಟಿಂಗ್, ಟೈರ್ ಪದರಗಳ ಬಲದ ಅಳತೆ). ಎರಡನೆಯದು, ಅಲಾಯ್ ವೀಲ್, ಎಸ್‌ಯುವಿಗೆ ಬರುವ 235/75 ಆರ್15. ಮೂರನೆಯದು, ಅದೇ ಸ್ಟೀಲ್ ಡಿಸ್ಕ್‌ಗೆ ಟ್ಯೂಬ್ ಹಾಕಿದ 7.00-15 ನೈಲಾನ್. ಕೊನೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ವಿಷಯವೂ ಇದೆ. ನಮ್ಮ ಕಡೆ ಎಳೆಯೋ ಕೆಲಸ ಅಂದರೆ ಮುಖ್ಯವಾಗಿ ಅದೇ ತಾನೆ.

ಹೊರುವ ಲೆಕ್ಕ

ಎಲ್‌ಟಿ ರೇಡಿಯಲ್ ಮೇಲೆ 106/103 ಅಂತ ಇತ್ತು. ಮೊದಲ ಸಂಖ್ಯೆ ಒಂಟಿ ಟೈರ್‌ಗೆ, ಎರಡನೆಯದು ಒಂದೊಂದು ಪಕ್ಕಕ್ಕೆ ಎರಡೆರಡು ಟೈರ್ ಇರುವ ಆಕ್ಸಲ್‌ಗೆ. 106 ಅಂದರೆ ಒಂದು ಟೈರ್‌ಗೆ 950 ಕೆಜಿ, ಹಿಂದಿನ ಎರಡಕ್ಕೆ ಸೇರಿ 1,900 ಕೆಜಿ. ದಪ್ಪ ಎಸ್‌ಯುವಿ ಟೈರ್ ಮೇಲೆ ಇದ್ದದ್ದು 105, ಅಂದರೆ 925 ಕೆಜಿ. ಎರಡು ಸೆಂಟಿಮೀಟರ್ ಅಗಲ ಜಾಸ್ತಿ, ಹೊರುವ ತೂಕ 25 ಕೆಜಿ ಕಡಿಮೆ. ಇಷ್ಟಕ್ಕೇ ಮುಗಿಯಲಿಲ್ಲ. ಕಾರಿನ ವರ್ಗದ ಟೈರನ್ನು ಸರಕು ಗಾಡಿಗೆ ಹಾಕಿದರೆ ಅದರ ತೂಕವನ್ನು 1.10ರಿಂದ ಭಾಗಿಸಬೇಕು ಅನ್ನೋದು ಅಮೆರಿಕದ ಟೈರ್ ಮಾನದಂಡ. ನಮ್ಮ ರಸ್ತೆಗೂ ಅದು ಸರಿಯಾದ ಎಚ್ಚರಿಕೆ. ಭಾಗಿಸಿದರೆ ಒಂದಕ್ಕೆ ಸುಮಾರು 841, ಜೋಡಿಗೆ 1,682 ಕೆಜಿ.

ಈಗ ಅಲಾಯ್ ತಿರುಗಿಸಿ ಒಳಗಡೆ ನೋಡಿ. ಕಡ್ಡಿಯ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ‘ಮ್ಯಾಕ್ಸ್ ಲೋಡ್’ ಅಂತ ಒಂದು ಸಂಖ್ಯೆ ಇರುತ್ತೆ. ಅದು 690 ಕೆಜಿ ಅಂತಿದ್ದರೆ ಹಿಂದಿನ ಜೋಡಿಗೆ 1,380 ಮಾತ್ರ, ಅದರ ಮೇಲೆ ಯಾವ ಟೈರ್ ಕೂತರೂ ಅಷ್ಟೇ. ಜೆಡಬ್ಲ್ಯೂಎಲ್ ಅನ್ನೋ ಜಪಾನಿ ಮುದ್ರೆ ಕಾರಿನ ವೀಲ್‌ಗೆ. ಲಾರಿ, ಬಸ್ ವರ್ಗದ್ದಾದರೆ ಕೊನೆಗೆ ‘ಟಿ’ ಸೇರಿರುತ್ತೆ. ಮುದ್ರೆ, ತೂಕ ಎರಡೂ ಇಲ್ಲದ ಅಲಾಯ್ ಆದರೆ ಲೋಡ್ ಗಾಡಿಗೆ ಬೇಡವೇ ಬೇಡ. ಗುಂಡಿಗೆ ಬಿದ್ದಾಗ ಸ್ಟೀಲ್ ಡಿಸ್ಕ್ ಅಂಚು ಬಗ್ಗುತ್ತೆ, ಬಡಿದು ಸರಿ ಮಾಡಿಕೊಂಡು ಊರು ಸೇರಬಹುದು. ಅಲಾಯ್ ಸೀಳುತ್ತೆ, ಗಾಳಿ ಒಂದೇ ಸಲಕ್ಕೆ ಹೋಗುತ್ತೆ.

ಒಂದು ಉದಾಹರಣೆ ತಗೊಳ್ಳಿ. ಖಾಲಿ ಗಾಡಿಯ ಹಿಂದಿನ ಆಕ್ಸಲ್ ಮೇಲೆ 750 ಕೆಜಿ ಇದೆ, 1,200 ಕೆಜಿ ಸರಕಿನಲ್ಲಿ 1,050 ಹಿಂದಕ್ಕೆ ಬಿತ್ತು ಅಂದುಕೊಳ್ಳಿ. ಒಟ್ಟು 1,800. ಎಲ್‌ಟಿ ಟೈರ್ 1,900ಕ್ಕೆ ತಡೆಯುತ್ತೆ. ಎಸ್‌ಯುವಿ ಟೈರ್ 1,682ಕ್ಕೇ ಸೋತಿತು, ಆ ಅಲಾಯ್ ಇನ್ನೂ ಮೊದಲೇ. ಇದರ ಮೇಲೆ ಇನ್ನೊಂದು 300 ಕೆಜಿ ಹೇರಿದರೆ ಎಲ್‌ಟಿಯೂ ಮಿತಿ ದಾಟುತ್ತೆ.

ನಿಮ್ಮ ಗಾಡಿಯ ಲೆಕ್ಕ ಊಹೆಯಿಂದ ಬೇಡ. ಡೀಸೆಲ್ ತುಂಬಿಸಿ, ಮಾಮೂಲಿ ಲೋಡು ಹೇರಿ, ವೇಬ್ರಿಡ್ಜ್ ಮೇಲೆ ಮೊದಲು ಇಡೀ ಗಾಡಿ ತೂಗಿಸಿ. ಆಮೇಲೆ ಮುಂದಿನ ಚಕ್ರ ಕೆಳಗಿಳಿಸಿ ಹಿಂದಿನದನ್ನು ಮಾತ್ರ ನಿಲ್ಲಿಸಿ ಇನ್ನೊಂದು ಚೀಟಿ ತಗೊಳ್ಳಿ. ಎರಡನೇ ಚೀಟಿಯ ಅರ್ಧ, ಟೈರ್ ಇಂಡೆಕ್ಸ್ ಹೇಳುವ ಕೆಜಿಗಿಂತ ಕಡಿಮೆ ಇರಬೇಕು. ಲೋಡು ಒಂದು ಪಕ್ಕ ವಾಲುತ್ತೆ, ಅದಕ್ಕೆ ಸ್ವಲ್ಪ ಜಾಗ ಉಳಿದಿರಲಿ. ಟೈರ್ ಎಷ್ಟೇ ಗಟ್ಟಿ ಹಾಕಿದರೂ ಆರ್‌ಸಿಯಲ್ಲಿರುವ ತೂಕ ಬದಲಾಗಲ್ಲ. ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್‌ಗೆ ಇನ್ನೂ 2,000.

ಗಾಳಿಯೇ ಹೊರೋದು

ಇಷ್ಟು ನೋಡಿದ ಮೇಲೂ ಹೆಚ್ಚಿನವರು ಕೆಡೋದು ಗಾಳಿಯಲ್ಲಿ. 8 ಪಿಆರ್ ಟೈರ್‌ನ ಆ 950 ಕೆಜಿ 65 ಪಿಎಸ್‌ಐಗೆ ಹೇಳಿದ್ದು. 50 ಪಿಎಸ್‌ಐ ಇಟ್ಟರೆ ಅದೇ ಟೈರ್‌ನ ಬಲ 800 ಕೆಜಿಗೆ ಇಳಿಯುತ್ತೆ. ಕಣ್ಣಿಗೆ ಏನೂ ಕಾಣಲ್ಲ, ಜೋಡಿಯಲ್ಲಿ 300 ಕೆಜಿ ಮಾಯ. ಎಸ್‌ಯುವಿ ಟೈರ್‌ಗೆ ಸಾಮಾನ್ಯವಾಗಿ 44 ಪಿಎಸ್‌ಐ ಮೇಲೆ ಹಾಕೋ ಹಾಗಿಲ್ಲ, ಪಕ್ಕದಲ್ಲೇ ಬರೆದಿರುತ್ತೆ. ಲೋಡು ಹೆಚ್ಚಾಯಿತು ಅಂತ 60 ತುಂಬಿಸಿದರೆ ಟೈರ್ ಮಧ್ಯ ಉಬ್ಬಿ ಅಲ್ಲೇ ಸವೆಯುತ್ತೆ, ಗುಂಡಿಯ ಏಟು ತಡೆಯಲ್ಲ.

ಗಾಳಿ ನೋಡೋದು ಬೆಳಗ್ಗೆ, ಗಾಡಿ ತೆಗೆಯೋ ಮೊದಲು. ಮಧ್ಯಾಹ್ನದ ಬಿಸಿಲಲ್ಲಿ ಓಡಿ ಬಂದು 72 ತೋರಿಸ್ತು ಅಂತ ಬಿಟ್ಟರೆ, ಟೈರ್ ಆರಿದ ಮೇಲೆ ಕಡಿಮೆ ಆಗಿರುತ್ತೆ. ವಾಲ್ವ್ ಕೂಡ ನೋಡಿ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್‌ಲೆಸ್‌ಗೆ ಕೂರಿಸೋ ಸಾಮಾನ್ಯ ರಬ್ಬರ್ ವಾಲ್ವ್ ಟಿಆರ್413, ಅದರ ಮಿತಿ 65 ಪಿಎಸ್‌ಐ. 10 ಪಿಆರ್ ಹಾಕಿ ಅದಕ್ಕಿಂತ ಜಾಸ್ತಿ ಗಾಳಿ ಬೇಕಾದರೆ ಲೋಹದ ವಾಲ್ವ್ ಕೇಳಿ ಹಾಕಿಸಿ.

ಏರು, ಬ್ರೇಕು, ಮೈಲೇಜು

215/75 ಆರ್15ರ ಎತ್ತರ 703 ಮಿಮೀ ಚಿಲ್ಲರೆ, 235/75 ಆರ್15ದು 733. ಶೇ 4.3 ಜಾಸ್ತಿ. ಚಕ್ರ ದೊಡ್ಡದಾದರೆ ಎಂಜಿನ್‌ನ ಅದೇ ತಿರುಚು ಬಲ ನೆಲಕ್ಕೆ ಮುಟ್ಟೋದು ಶೇ 4ರಷ್ಟು ಕಡಿಮೆ. ಮಂಡ್ಯದ ಮಟ್ಟಸ ರಸ್ತೆಯಲ್ಲಿ ಇದು ಗೊತ್ತಾಗಲ್ಲ. ಮೇಲುಕೋಟೆ ಏರಿನಲ್ಲಿ ಲೋಡ್ ಹೊತ್ತು ಹೋದರೆ ಗೊತ್ತಾಗುತ್ತೆ: ಚಿಕ್ಕ ಟೈರ್‌ನಲ್ಲಿ ಮೂರನೇ ಗೇರ್‌ನಲ್ಲೇ ಎಳೆಯುತ್ತಿದ್ದ ತಿರುವಿನಲ್ಲಿ ಎರಡಕ್ಕೆ ಇಳಿಸಬೇಕಾಯಿತು. ಗದ್ದೆಯಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಗೆ ಹತ್ತುವಾಗ ಕ್ಲಚ್ ಸುಟ್ಟ ವಾಸನೆ ಬರೋದೂ ಹೀಗೇ. ಬ್ರೇಕ್ ಬಲವೂ ಅಷ್ಟೇ ಕಡಿಮೆಯಾಗುತ್ತೆ, ಲೋಡಿನಲ್ಲಿ ಇಳಿಯುವಾಗ ಅದು ಮುಖ್ಯ.

ದಪ್ಪ ಟೈರ್‌ನಲ್ಲಿ ಮೀಟರ್ 60 ತೋರಿಸುವಾಗ ನಿಜವಾದ ವೇಗ ಸುಮಾರು 62.6. ನಿಜವಾಗಿ 100 ಕಿ.ಮೀ. ಓಡಿದರೆ ಮೀಟರ್‌ನಲ್ಲಿ 96 ಬರುತ್ತೆ. ‘ದಪ್ಪ ಟೈರ್ ಹಾಕಿದ ಮೇಲೆ ಮೈಲೇಜ್ ಬಿತ್ತು’ ಅನ್ನೋರ ಲೆಕ್ಕದಲ್ಲಿ ಶೇ 4 ಹೀಗೆ ಮೀಟರ್‌ನ ದೋಷ. ಉಳಿದದ್ದು ನಿಜವಾದ ನಷ್ಟ.

ಡಿಸ್ಕ್ ಅಗಲದ ಮಾತೂ ಇದೆ. 215/75ಕ್ಕೆ 5.5ರಿಂದ 7 ಇಂಚು ಸರಿ. 235/75ಕ್ಕೆ ಕನಿಷ್ಠ 6 ಬೇಕು. ಹಳೇ ಐದೂವರೆ ಡಿಸ್ಕ್‌ಗೇ ದಪ್ಪ ಟೈರ್ ಏರಿಸಿಕೊಡುವ ಅಂಗಡಿಗಳಿವೆ. ಪಕ್ಕ ಒಳಕ್ಕೆ ಮಡಚಿಕೊಂಡು ತಿರುವಿನಲ್ಲಿ ಗಾಡಿ ಓಲಾಡುತ್ತೆ. ಅಲಾಯ್‌ನ ಇಟಿ ಸಂಖ್ಯೆ (ಡಿಸ್ಕ್‌ನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖ ಎಷ್ಟು ಮಿಮೀ ದೂರ ಅನ್ನೋದು) ಕಂಪನಿ ಡಿಸ್ಕ್‌ಗಿಂತ 25 ಕಡಿಮೆ ಇದ್ದರೆ ಟೈರ್ 25 ಮಿಮೀ ಹೊರಗೆ ಬರುತ್ತೆ. ನೋಡೋಕೆ ಚೆಂದ, ಆದರೆ ಭಾರ ಬೇರಿಂಗ್‌ನ ನೇರ ಬಿಟ್ಟು ಹೊರಗೆ ಬಿದ್ದು ಬೇರಿಂಗ್ ಬೇಗ ಕೂಗೋಕೆ ಶುರು ಮಾಡುತ್ತೆ.

ನೈಲಾನ್ ಎಲ್ಲಿ ಗೆಲ್ಲುತ್ತೆ

ಕಬ್ಬಿನ ಗದ್ದೆಯಲ್ಲಿ. ಕಟಾವಾದ ಕೂಳೆ ಓರೆಯಾಗಿ ಚೂಪಾಗಿ ನಿಂತಿರುತ್ತೆ, ಟೈರ್‌ನ ಪಕ್ಕಕ್ಕೇ ಚುಚ್ಚುತ್ತೆ. ರೇಡಿಯಲ್‌ನ ಪಕ್ಕ ತೆಳು, ಅಲ್ಲಿ ಸೀಳಿದರೆ ಪ್ಯಾಚ್ ನಿಲ್ಲಲ್ಲ, ಟೈರ್ ಎಸೆಯಬೇಕು. ನೈಲಾನ್‌ನಲ್ಲಿ ದಾರದ ಪದರಗಳು ಅಡ್ಡಡ್ಡ ಪಕ್ಕದವರೆಗೂ ಹಾಸಿರುತ್ತವೆ, ಅದೇ ಏಟನ್ನು ತಡೆದುಕೊಳ್ಳುತ್ತೆ. ದಿನವೂ ಗದ್ದೆಗೆ ಇಳಿಯುವ ಗಾಡಿಗೆ ನೈಲಾನ್ ಹಾಕಿದವರು ತಿಳಿದೇ ಹಾಕಿದ್ದಾರೆ.

ರಸ್ತೆಗೆ ಬಂದರೆ ಕಥೆ ಬೇರೆ. ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಲೋಡ್ ಹೊತ್ತು ಹೋಗಿ ನಿಲ್ಲಿಸಿ ಕೈ ಇಟ್ಟರೆ ನೈಲಾನ್‌ನ ಭುಜ ಮುಟ್ಟೋಕಾಗಲ್ಲ, ರೇಡಿಯಲ್ ಬೆಚ್ಚಗಷ್ಟೇ ಇರುತ್ತೆ. ಪದರಗಳು ಒಂದಕ್ಕೊಂದು ಉಜ್ಜಿ ಹುಟ್ಟುವ ಬಿಸಿ ಅದು. ಡೀಸೆಲ್ ಕುಡಿಯೋದೂ ಅದೇ. ಕಾರ್ಖಾನೆ ಯಾರ್ಡ್‌ನಲ್ಲಿ ಕಬ್ಬು ಹೊತ್ತು ರಾತ್ರಿಯಿಡೀ ಕ್ಯೂ ನಿಂತ ನೈಲಾನ್ ಟೈರ್ ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ, ಬೆಳಗ್ಗೆ ಬಿಸಿಯೇರೋವರೆಗೆ ದಡಬಡ ಅನ್ನುತ್ತೆ. ಟ್ಯೂಬ್ ಇರೋದರಿಂದ ಮೊಳೆ ಹೊಕ್ಕರೆ ಗಾಳಿ ತಕ್ಷಣ ಖಾಲಿ. ಒಂದೇ ಆಕ್ಸಲ್‌ಗೆ ಒಂದು ನೈಲಾನ್, ಒಂದು ರೇಡಿಯಲ್ ಯಾವತ್ತೂ ಬೇಡ.

ಮದ್ದೂರು ಎಳನೀರು ಮಾರುಕಟ್ಟೆಯಿಂದ ಬೆಂಗಳೂರಿಗೆ ಹೋಗುವ ಗಾಡಿಗೆ ಎಲ್‌ಟಿ ರೇಡಿಯಲ್, ಸ್ಟೀಲ್ ಡಿಸ್ಕ್. ಗದ್ದೆ–ಆಲೆಮನೆ ನಡುವೆ ಓಡುವ ಗಾಡಿಗೆ ನೈಲಾನ್. ಲೋಡ್ ಗಾಡಿಗೆ ದಪ್ಪ ಟೈರ್, ಅಲಾಯ್ ಹಾಕಿ ಅಂತ ನಾವು ಯಾರಿಗೂ ಹೇಳಲ್ಲ.

ಟ್ರ್ಯಾಕ್ಟರ್ ಎಳೆಯೋ ಲೆಕ್ಕ

ಎಳೆಯುವ ಬಲ ಹಿಂದಿನ ಚಕ್ರದ ಮೇಲಿನ ಭಾರದಿಂದ ಬರುತ್ತೆ. ಹಿಂದೆ 13.6-28 ಅಳತೆಯ ಟೈರ್ ಇದ್ದ ಟ್ರ್ಯಾಕ್ಟರ್‌ಗೆ 14.9-28 ಹಾಕಿದರೆ ಕೆಸರಲ್ಲಿ ಹಿಡಿತ ಚೆನ್ನಾಗಿರುತ್ತೆ, ಆದರೆ ಎತ್ತರ ಸುಮಾರು ಶೇ 4 ಏರುತ್ತೆ: ಎಳೆತವೂ ಬ್ರೇಕೂ ಅಷ್ಟು ಇಳಿಯುತ್ತವೆ. ಬ್ರೇಕಿಲ್ಲದ ಎರಡು ಟ್ರೈಲರ್ ಹಿಂದೆ ಇದ್ದಾಗ ಎಲ್ಲವನ್ನೂ ನಿಲ್ಲಿಸಬೇಕಾದ್ದು ಈ ಎರಡು ಚಕ್ರ. ಹಿಡಿತಕ್ಕೆ ಅಗ್ಗದ ದಾರಿ ಟೈರ್ ಒಳಗೆ ನೀರು ತುಂಬಿಸೋದು. ವಾಲ್ವ್ ಮೇಲಕ್ಕೆ ಬರೋ ಹಾಗೆ ಚಕ್ರ ತಿರುಗಿಸಿ ಮುಕ್ಕಾಲು ಭಾಗ ತುಂಬಿಸಿದರೆ 13.6-28ರಲ್ಲಿ ಒಂದೊಂದಕ್ಕೆ ಸುಮಾರು 190 ಲೀಟರ್ ಹಿಡಿಯುತ್ತೆ. ಪೂರ್ತಿ ತುಂಬಿಸಬೇಡಿ, ಮೇಲೆ ಗಾಳಿಗೆ ಜಾಗ ಇಲ್ಲದಿದ್ದರೆ ಟೈರ್ ಏಟು ನುಂಗಲ್ಲ.

ಎರಡು ಚಕ್ರದ ಟ್ರೈಲರ್‌ಗೆ ಎತ್ತರದ ಟೈರ್ ಹಾಕಿದರೆ ಡ್ರಾಬಾರ್ (ಟ್ರ್ಯಾಕ್ಟರ್‌ನ ಹುಕ್‌ಗೆ ಸಿಕ್ಕಿಸುವ ಕಂಬಿ) ಮುಂದಕ್ಕೆ ವಾಲುತ್ತೆ. ಕಬ್ಬನ್ನು ಹಿಂದಕ್ಕೆ ಜಾಸ್ತಿ ಒಟ್ಟಿದರೆ ಹುಕ್ಕನ್ನೇ ಮೇಲಕ್ಕೆತ್ತಿ ಟ್ರ್ಯಾಕ್ಟರ್‌ನ ಹಿಂದಿನ ಚಕ್ರ ಜಾರುತ್ತೆ. ಹುಕ್ ಜಾಸ್ತಿ ಮೇಲೆ ಇದ್ದರೆ ಏರಿನಲ್ಲಿ ಮುಂದಿನ ಚಕ್ರ ಎದ್ದು ನಿಲ್ಲುತ್ತೆ. ಟ್ರೈಲರ್ ಟೈರ್ ಮೇಲೆ ಎ6 ಅಂತಿದ್ದರೆ 30 ಕಿ.ಮೀ., ಎ8 ಅಂತಿದ್ದರೆ 40 ಕಿ.ಮೀ. ವೇಗಕ್ಕೆ ಮಾತ್ರ ಆ ಲೋಡ್. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಟ್ರ್ಯಾಕ್ಟರ್‌ಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೂ ಈ ವೇಗ ಮೀರಬೇಡಿ.

ಹಾಕಿಸುವಾಗ

ಟೈರ್ ಪಕ್ಕದ ನಾಲ್ಕಂಕಿ ನೋಡಿ, 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಅಲಾಯ್‌ಗೂ ಸ್ಟೀಲ್‌ಗೂ ನಟ್‌ನ ಕೂರುವ ಆಕಾರ ಬೇರೆ ಇರಬಹುದು, ಹಳೇ ನಟ್ ಹಾಕಿದರೆ ಬಿಗಿ ನಿಲ್ಲಲ್ಲ. ಎದುರುಬದುರು ಕ್ರಮದಲ್ಲಿ ಬಿಗಿದು, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿಸಿ. ಸ್ಟೆಪ್ನಿ ಅದೇ ಅಳತೆಯದೇ ಇರಲಿ. ದಪ್ಪ ಟೈರ್ ಹಾಕಿ ಹಳೇ 215ನ್ನೇ ಸ್ಟೆಪ್ನಿ ಮಾಡಿಟ್ಟಿದ್ದು ಹಿಂದಿನ ಚಕ್ರ ಪಂಕ್ಚರ್ ಆದರೆ, ಮುಂದಿನ ಚಕ್ರ ಒಂದನ್ನು ಬಿಚ್ಚಿ ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಮುಂದಕ್ಕೆ ಕೂರಿಸಿ. ಹಿಂದೆ ಮೂರು ಸೆಂಟಿಮೀಟರ್ ಎತ್ತರದ ವ್ಯತ್ಯಾಸ ಇಟ್ಟು ಲೋಡಿನಲ್ಲಿ ಓಡಿಸಿದರೆ ಡಿಫರೆನ್ಷಿಯಲ್ ಒಂದೇ ಸಮ ದುಡಿದು ಬಿಸಿಯಾಗುತ್ತೆ, ಅದರ ರಿಪೇರಿ ಖರ್ಚು ಹೊಸ ಟೈರ್‌ಗಿಂತ ಜಾಸ್ತಿ.