ಥಾರ್ ಮರುಭೂಮಿಯ ಕುದುರೆ ಟ್ರೆಕ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ: ನನಗೆ ಸಿಕ್ಕಿದ್ದು ಮದುವೆ ಕುದುರೆ

ರಾಜಸ್ಥಾನದ ಮರುಭೂಮಿಯಲ್ಲಿ ಎಂಟು ದಿನ ಕುದುರೆ ಮೇಲೆ ಹೋಗುತ್ತೇನೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಆಫೀಸಿನಲ್ಲಿ ಹೇಳಿದ್ದೆ, ಅಪಾರ್ಟ್‌ಮೆಂಟಿನಲ್ಲಿ ಹೇಳಿದ್ದೆ, ಅತ್ತೆ ಮನೆಯಲ್ಲೂ ಹೇಳಿದ್ದೆ. ಅದಕ್ಕೇ ವಾಪಸ್ ಬಂದ ಮೇಲೆ ಮೂರು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಯಾರಾದರೂ "ಹೇಗಿತ್ತು?" ಅಂದರೆ "ಸೂಪರ್" ಅಂದು ಮಾತು ಬದಲಿಸುತ್ತಿದ್ದೆ. ಹೋದ ವಾರ ನಮ್ಮ ಸವಾರಿ ಕ್ಲಾಸಿನ ಹುಡುಗಿಯೊಬ್ಬಳು ಅದೇ ಟ್ರಿಪ್ಪಿನ ಜಾಹೀರಾತು ತೋರಿಸಿ, "ಅಕ್ಕ, ಅಡ್ವಾನ್ಸ್ ಕಟ್ಟಲಾ?" ಅಂದಳು. ಹೊಟ್ಟೆ ಉರಿದುಹೋಯಿತು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಆಯೋಜಕರ ಹೆಸರು ಹಾಕುವುದಿಲ್ಲ. ಹಾಕಿದರೂ ಪ್ರಯೋಜನವಿಲ್ಲ, ನಾನು ದುಡ್ಡು ಕಟ್ಟಿದಾಗ ಇದ್ದ ಹೆಸರು ಈಗ ಇಲ್ಲ. ಪೇಜ್ ಅದೇ, ಫೋಟೋ ಅವೇ, ಹೆಸರು ಮಾತ್ರ ಬೇರೆ.

ಬೆಂಗಳೂರಿನಲ್ಲಿ ಮೂರು ವರ್ಷದಿಂದ ಶನಿವಾರ, ಭಾನುವಾರ ಸವಾರಿ ಕಲಿಯುತ್ತಿದ್ದೇನೆ. ಕ್ಯಾಂಟರ್, ಅಂದರೆ ಕುದುರೆಯ ಹದವಾದ ಓಟದವರೆಗೆ ಬಂದಿದ್ದೇನೆ, ಎರಡು ಸಲ ಬಿದ್ದೂ ಇದ್ದೇನೆ. ಮಾರ್ವಾಡಿ ಕುದುರೆ ಏರಬೇಕು ಅನ್ನೋದು ಹಳೇ ಆಸೆ. ಕಿವಿಯ ತುದಿ ಒಳಗೆ ಬಾಗಿ ಒಂದಕ್ಕೊಂದು ತಾಗುತ್ತದೆ ನೋಡಿ, ಆ ತಳಿ. ಅದರಲ್ಲಿ ಕೆಲವಕ್ಕೆ 'ರೆವಾಲ್' ಅನ್ನೋ ಒಂದು ನಡಿಗೆ ಹುಟ್ಟಿನಿಂದಲೇ ಇರುತ್ತದಂತೆ, ಬೆನ್ನು ಕುಲುಕುವುದೇ ಇಲ್ಲ, ದಿನವಿಡೀ ಕೂತು ಹೋಗಬಹುದು. ಅಂಥ ಕುದುರೆಯ ಮೇಲೆ ಜೋಧಪುರದ ಹತ್ತಿರದ ಓಸಿಯಾಂನಿಂದ ಹೊರಟು ಫಲೋದಿ, ಪೋಖರಣ್ ದಾಟಿ ಜೈಸಲ್ಮೇರ್‌ವರೆಗೆ 220 ಕಿಲೋಮೀಟರ್. ಎಂಟು ದಿನ. ತಲೆಗೆ 96,000 ರೂಪಾಯಿ. ನನ್ನ ತಮ್ಮನನ್ನೂ ಒಪ್ಪಿಸಿದೆ. ಇಬ್ಬರದು ಸೇರಿ 1,92,000. ನಮ್ಮನೆಯವರು ಒಂದೇ ಮಾತು ಕೇಳಿದ್ದರು: "ಬಿಲ್ ಕೊಡ್ತಾರಾ?" ನಾನು ಸಿಡುಕಿದ್ದೆ. ಈಗ ಅವರು ಆ ವಿಷಯ ಎತ್ತುವುದೇ ಇಲ್ಲ. ಎತ್ತಿದ್ದರೆ ವಾಸಿಯಿತ್ತು.

ಒಪ್ಪಂದ ಅಂತ ವಾಟ್ಸಾಪಿನಲ್ಲಿ ಕಳಿಸಿದ್ದು ಹೀಗಿತ್ತು: ಸ್ವಂತ ಲಾಯದ ಕುದುರೆಗಳು. ಪ್ರತಿ ಗುಂಪಿಗೆ ಎರಡು ಹೆಚ್ಚುವರಿ ಕುದುರೆ. ಜೊತೆಗೆ ನೀರಿನ ಗಾಡಿ. ಲಾಳ ಕಟ್ಟುವವನು. ದಿನಕ್ಕೆ 25ರಿಂದ 30 ಕಿಲೋಮೀಟರ್. ಸ್ವಂತ ಲಾಯದ ಕುದುರೆಗಳು ಅನ್ನೋದನ್ನು ದಯವಿಟ್ಟು ನೆನಪಿಡಿ. ಸ್ವಂತ ಲಾಯದ್ದು.

ನವೆಂಬರ್ ಕೊನೆಯಲ್ಲಿ ಹೋದೆವು. ಓಸಿಯಾಂ ಹೊರಗೆ ಒಂದು ಹೊಲದಲ್ಲಿ ಆರು ಕುದುರೆ ನಿಂತಿದ್ದವು. ವಿಡಿಯೋದಲ್ಲಿ ತೋರಿಸಿದ್ದು ಕಂದು, ಕಪ್ಪು. ಇಲ್ಲಿ ನಾಲ್ಕು ಬಿಳಿ! ಅಚ್ಚ ಬಿಳಿ, ಗುಲಾಬಿ ಮೂತಿ. ಅಲ್ಲಿ ಅದಕ್ಕೆ ನುಕ್ರಾ ಅನ್ನುತ್ತಾರೆ. ನಾನೇನು ಮಾಡಿದೆ ಗೊತ್ತಾ? ಖುಷಿಪಟ್ಟೆ. "ಅಯ್ಯೋ ಎಷ್ಟು ಚೆಂದ" ಅಂದು ಮೂವತ್ತು ಫೋಟೋ ತೆಗೆದೆ. ನನಗೆ ಕೊಟ್ಟ ಹೆಣ್ಣು ಕುದುರೆಯ ಹೆಸರು ರಾಣಿ. ಕೂದಲು ಬಾಚುವಾಗ ಅದರ ಜೂಲಿನಲ್ಲಿ ಮಿರಮಿರ ಅನ್ನೋ ಜರಿಯ ಎಳೆ ಸಿಕ್ಕಿತು. ಯಾವುದೋ ಹಬ್ಬಕ್ಕೆ ಅಲಂಕಾರ ಮಾಡಿರಬೇಕು ಅಂದುಕೊಂಡೆ. ಅಷ್ಟು ದಡ್ಡಿ.

ಮೊದಲ ದಿನ 14 ಕಿಲೋಮೀಟರ್. "ಕುದುರೆಗಳು ನಿಮಗೆ ಹೊಂದಿಕೊಳ್ಳಲಿ ಮೇಡಂ ಜೀ." ಎರಡನೇ ದಿನ 16. ಅದರಲ್ಲಿ ಅರ್ಧ ಡಾಂಬರು ರಸ್ತೆ ಪಕ್ಕದಲ್ಲೇ, ಟ್ರಕ್ಕಿನ ಹಾರ್ನ್ ಕೇಳುತ್ತಾ. ಮರುಭೂಮಿ ಅಂದರೆ ಎಲ್ಲೆಲ್ಲೂ ಮರಳಗುಡ್ಡ ಅಂತ ನಾನೇನು ಹೋಗಿರಲಿಲ್ಲ. ಸಜ್ಜೆ ಕೊಯ್ದ ಹೊಲ, ಎಕ್ಕದ ಗಿಡ, ಅಲ್ಲಲ್ಲಿ ಖೇಜ್ರಿ ಮರ, ಅಂದರೆ ನಮ್ಮ ಬನ್ನಿ ಮರವೇ. ಅದೇ ಚೆಂದ. ಆದರೆ ರಸ್ತೆ ಪಕ್ಕ ಯಾಕೆ? ಆಮೇಲೆ ಗೊತ್ತಾಯಿತು. ನೀರಿನ ಗಾಡಿ ಅಂದಿದ್ದು ಒಂದು ಜೀಪು. ಅದರಲ್ಲಿ 20 ಲೀಟರಿನ ನಾಲ್ಕು ಕ್ಯಾನು. ಒಂದು ಕುದುರೆ ದಿನಕ್ಕೆ ಕಡಿಮೆ ಅಂದರೂ 20-25 ಲೀಟರ್ ಕುಡಿಯುತ್ತದೆ, ಬಿಸಿಲಲ್ಲಿ ಕೆಲಸ ಮಾಡಿದರೆ ಇನ್ನೂ ಜಾಸ್ತಿ. ಆರು ಕುದುರೆಗೆ ಲೆಕ್ಕ ಹಾಕಿ. ರಸ್ತೆ ಪಕ್ಕದ ಢಾಬಾಗಳ ತೊಟ್ಟಿ ಬಿಟ್ಟರೆ ಅವುಗಳಿಗೆ ನೀರೇ ಇರಲಿಲ್ಲ. ಒಳಗೆ ಹೋಗುವ ಯೋಚನೆಯೇ ಅವರಿಗೆ ಇರಲಿಲ್ಲ.

ಹೆಚ್ಚುವರಿ ಕುದುರೆ ಎಲ್ಲಿ ಅಂದೆ. "ಫಲೋದಿಯಲ್ಲಿ ಸೇರಿಕೊಳ್ಳುತ್ತವೆ." ಲಾಳ ಕಟ್ಟುವವನು? "ಅವನೂ ಫಲೋದಿಯಲ್ಲಿ." ಎಲ್ಲದಕ್ಕೂ ಫಲೋದಿ.

ಈಗ ಮೂರನೇ ದಿನ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ.

ಸಂಜೆ ನಾಲ್ಕೂವರೆ. ಒಂದು ಊರಿನ ಅಂಚಿನಲ್ಲಿ ಹೋಗುತ್ತಿದ್ದೆವು. ದೂರದಲ್ಲಿ ಢೋಲು ಶುರುವಾಯಿತು, ಹಿಂದೆಯೇ ಬ್ಯಾಂಡು. ಯಾರದೋ ಮದುವೆ ದಿಬ್ಬಣ. ರಾಣಿಯ ಕಿವಿ ನೆಟ್ಟಗಾಯಿತು. ಹೆದರಿತೇನೋ ಅಂತ ಲಗಾಮು ಹಿಡಿದೆ. ಹೆದರಿಕೆ ಎಲ್ಲಿಂದ ಬರಬೇಕು! ಕತ್ತು ಬಿಲ್ಲಿನ ಹಾಗೆ ಬಗ್ಗಿಸಿತು. ಬಲಗಾಲು ಎತ್ತಿತು. ಇಳಿಸಿತು. ಎಡಗಾಲು ಎತ್ತಿತು. ತಾಳಕ್ಕೆ ಸರಿಯಾಗಿ. ಕುಣಿಯುತ್ತಿದೆ! ನನ್ನನ್ನು ಹೊತ್ತುಕೊಂಡೇ ನೇರ ದಿಬ್ಬಣದ ಕಡೆ ಕುಣಿಯುತ್ತಾ ಹೊರಟಿತು. ಹಿಂದಿನಿಂದ ಇನ್ನೆರಡು ಬಿಳಿ ಕುದುರೆಗಳೂ ಶುರು ಮಾಡಿದವು. ಕಂದು ಕುದುರೆಯ ಮೇಲಿದ್ದ ನನ್ನ ತಮ್ಮ ಮಾತ್ರ ಸುಮ್ನೆ ನಿಂತು ನೋಡುತ್ತಿದ್ದ.

ದಿಬ್ಬಣದವರಿಗೆ ಮಜವೋ ಮಜ. ದಾರಿ ಬಿಟ್ಟರು. ಮೊಬೈಲ್ ಎತ್ತಿದರು. ಪೇಟ ಸುತ್ತಿದ್ದ ಹಿರಿಯರೊಬ್ಬರು ಬಂದು ಹತ್ತು ರೂಪಾಯಿ ನೋಟನ್ನು ನನ್ನ ತಲೆ ಸುತ್ತ ನಿವಾಳಿಸಿ ಸೈಸ್ ಕೈಗೆ ಕೊಟ್ಟರು. ಸೈಸ್ ಅಂದರೆ ಕುದುರೆ ನೋಡಿಕೊಳ್ಳುವ ಹುಡುಗ. ಅವನು ಏನೂ ಆಗಿಲ್ಲ ಅನ್ನುವ ಹಾಗೆ ನೋಟನ್ನು ಜೇಬಿಗೆ ಇಳಿಸಿದ. ದಿನಾ ಮಾಡುವ ಕೆಲಸ ಅಲ್ವಾ! ನಾನು ಹೆಲ್ಮೆಟ್ಟು, ಬೂಟು, ಕೈಗವಸು ಎಲ್ಲ ಹಾಕಿಕೊಂಡು, ನಲವತ್ತೊಂದು ವಯಸ್ಸಿನಲ್ಲಿ, ಗುರುತಿಲ್ಲದವರ ಮದುವೆಯಲ್ಲಿ ಮದುಮಗನ ಹಾಗೆ ಕುದುರೆ ಮೇಲೆ ಕುಣಿಯುತ್ತಿದ್ದೆ.

ಆ ಜರಿಯ ಎಳೆ ಆಗ ನೆನಪಾಯಿತು. ಬಿಳಿ ಬಣ್ಣ ನೆನಪಾಯಿತು. ಎಲ್ಲ ಒಟ್ಟಿಗೆ ಅರ್ಥವಾಯಿತು. ಸ್ವಂತ ಲಾಯ ಅಂತೆ!

ರಾತ್ರಿ ಆಯೋಜಕನಿಗೆ ಫೋನ್ ಮಾಡಿದೆ. ಅವನು ಜೋಧಪುರದಲ್ಲೇ ಇದ್ದ, ಒಂದು ದಿನವೂ ನಮ್ಮ ಜೊತೆ ಬರಲಿಲ್ಲ. "ಇವು ಮದುವೆಗೆ ಬಾಡಿಗೆ ಹೋಗುವ ಕುದುರೆಗಳಲ್ವಾ?" ಅಂದೆ. ಒಂದು ಕ್ಷಣವೂ ತಡವರಿಸಲಿಲ್ಲ ಮಹಾರಾಯ. "ಮೇಡಂ ಜೀ, ಕುಣಿಯುವ ಕುದುರೆಗೆ ಎಲ್ಲ ಕಡೆ ಎಕ್ಸ್‌ಟ್ರಾ ಚಾರ್ಜು. ನಿಮಗೆ ಫ್ರೀ ಸಿಕ್ಕಿದೆ!" ಅಂದ. ನಕ್ಕ ಕೂಡ.

ನಾಲ್ಕನೇ ದಿನ ಫಲೋದಿ ತಲುಪಿದೆವು, ಕೊನೆಯ ಭಾಗ ಜೀಪಿನಲ್ಲಿ. 2016ರ ಮೇ ತಿಂಗಳಲ್ಲಿ 51 ಡಿಗ್ರಿ ಬಿಸಿಲು ದಾಖಲಾದ ಊರು ಅದು. ಹೆಚ್ಚುವರಿ ಕುದುರೆಯೂ ಇಲ್ಲ, ಲಾಳದವನೂ ಇಲ್ಲ. ಐದನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಇದ್ದ ಕುದುರೆಗಳೂ ಇಲ್ಲ! ಗೂಟ ಇದೆ, ಹಗ್ಗ ಇದೆ, ಲದ್ದಿ ಇದೆ. ಕುದುರೆ ಇಲ್ಲ. ಸೈಸ್ ಒಬ್ಬನೇ ಬೀಡಿ ಸೇದುತ್ತಾ ಕೂತಿದ್ದ. "ಇವತ್ತು ಸಾವಾ ಇದೆ ದೀದಿ" ಅಂದ. ಸಾವಾ ಅಂದರೆ ಅಲ್ಲಿ ಮದುವೆ ಮುಹೂರ್ತದ ದಿನ. ನಮ್ಮ ತುಳಸಿ ಹಬ್ಬದ ಹಿಂದಿನ ದಿನ, ಏಕಾದಶಿ, ದೇವರು ಎದ್ದ ಅಂತ ಅವರಿಗೆ ಮದುವೆಗಳು ಶುರುವಾಗುತ್ತವೆ. ಅಲ್ಲಿಂದ ಡಿಸೆಂಬರ್ ಮಧ್ಯದವರೆಗೆ ಬಿಳಿ ಕುದುರೆಗೆ ಬಿಡುವೇ ಇಲ್ಲ. ಆ ಬಿಡುವಿಲ್ಲದ ಕುದುರೆಗಳನ್ನು ಎರಡು ಮುಹೂರ್ತಗಳ ಮಧ್ಯೆ ನಮಗೆ ಕೊಟ್ಟಿದ್ದರು. ನಮ್ಮ 'ಟ್ರೆಕ್' ಅವುಗಳಿಗೆ ಓಸಿಯಾಂ ಮದುವೆ ಮುಗಿಸಿ ಫಲೋದಿ ಮದುವೆಗೆ ಹೋಗುವ ದಾರಿ. ಸಾಗಾಣಿಕೆ ಖರ್ಚು ನಮ್ಮದು!

ಆಯೋಜಕನ ಮೆಸೇಜು: "ಸಂಜೆ ಬರುತ್ತವೆ. ಟೆನ್ಷನ್ ಬೇಡ. ಇವತ್ತು ನಿಮಗೆ ಬರ್ಡ್ ವಾಚಿಂಗ್, ಕಾಂಪ್ಲಿಮೆಂಟರಿ."

ಪಕ್ಕದ ಖೀಚನ್‌ಗೆ ಕರೆದುಕೊಂಡು ಹೋದರು. ಸುಳ್ಳು ಹೇಳಬಾರದು, ಇಡೀ ಪ್ರವಾಸದಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿದ್ದದ್ದು ಅದೊಂದೇ. ಮಂಗೋಲಿಯಾ ಕಡೆಯಿಂದ ಚಳಿಗಾಲಕ್ಕೆ ಬರುವ ಕೊಕ್ಕರೆ ಜಾತಿಯ ಹಕ್ಕಿ, ಅಲ್ಲಿಯವರು ಕುರ್ಜಾ ಅನ್ನುತ್ತಾರೆ, ಸಾವಿರಗಟ್ಟಲೆ. ಊರಿನವರೇ ಕಾಳು ಹಾಕುತ್ತಾರೆ. ಟೀ ಅಂಗಡಿಯವರ ಹತ್ತಿರ ನಮ್ಮ ಕತೆ ಹೇಳಿದೆ. ಅವರು ನಗುತ್ತಾ ನಗುತ್ತಾ ಟೀ ಚೆಲ್ಲಿಕೊಂಡರು. ಆಮೇಲೆ ದುಡ್ಡು ತಗೊಳ್ಳಲಿಲ್ಲ.

ಕುದುರೆಗಳು ಬಂದಿದ್ದು ಮರುದಿನ ಮಧ್ಯಾಹ್ನ, ಟ್ರಕ್ಕಿನಲ್ಲಿ. ರಾಣಿಯ ಜೂಲಿಗೆ ಹೊಸ ಜರಿ, ಕಾಲಿಗೆ ಮೆಹಂದಿ. ಕಣ್ಣು ಸೋತಿತ್ತು. ಬೆನ್ನ ಮೇಲಿನ ಬಟ್ಟೆ ತೆಗೆದರೆ ಭುಜದ ಉಬ್ಬಿನ ಹತ್ತಿರ ಹಸಿ ಗಾಯ, ಅಂಗೈಯಷ್ಟು. ಬಾಯಲ್ಲಿ ಮುಳ್ಳಿರುವ ಕಡಿವಾಣ. ಅಂಥ ಕಡಿವಾಣ ಹಾಕುವ ಹಾಗೇ ಇಲ್ಲ, ಪ್ರಾಣಿ ಹಿಂಸೆ ತಡೆಗೆ ಮಾಡಿದ 1965ರ ನಿಯಮದಲ್ಲೇ ನಿಷೇಧ ಇದೆ. ನಾನು ಹತ್ತಲ್ಲ ಅಂದೆ. ಅಲ್ಲಿಗೆ ನನ್ನ ಮರುಭೂಮಿ ಸವಾರಿ ಮುಗಿಯಿತು. ಬಾಕಿ ಎಲ್ಲ ಜೀಪು.

ಪೋಖರಣ್‌ಗೆ ಮುಂಚೆ ರಾಮ್‌ದೇವ್‌ರಾ ಅಂತ ದೊಡ್ಡ ಕ್ಷೇತ್ರ. ಅಲ್ಲಿ ಹರಕೆಗೆ ಬಟ್ಟೆಯ ಕುದುರೆ ಒಪ್ಪಿಸುತ್ತಾರೆ, ಬೀದಿ ತುಂಬ ಬಣ್ಣಬಣ್ಣದ ಬಟ್ಟೆ ಕುದುರೆಗಳು. ನನ್ನ ತಮ್ಮ ಒಂದನ್ನು ಎತ್ತಿಕೊಂಡು, "ಅಕ್ಕ, ಇದಕ್ಕೆ ಮುಹೂರ್ತ ಗಿಹೂರ್ತ ಇಲ್ಲ, ಇದನ್ನೇ ಹತ್ತು" ಅಂದ. ಹೊಡೆಯೋಣ ಅನ್ನಿಸಿತು. ನಗುವೂ ಬಂತು.

ಫೋನಿನಲ್ಲಿ ಅಳೆದ ಲೆಕ್ಕ ಇದೆ. 220ರಲ್ಲಿ ನಾನು ಕುದುರೆ ಮೇಲೆ ಹೋಗಿದ್ದು 53 ಕಿಲೋಮೀಟರ್.

ಅರ್ಧ ದುಡ್ಡಾದರೂ ಕೊಡಿ ಅಂದೆ. ಬಂದ ಉತ್ತರಗಳು ಇವು. ಮೊದಲು: "ಕುದುರೆ ಇತ್ತು, ಹತ್ತಲ್ಲ ಅಂದಿದ್ದು ನೀವು." ಆಮೇಲೆ: "ಪ್ರಾಣಿಗಳ ಲಭ್ಯತೆಗೆ ತಕ್ಕಂತೆ ಅಂತ ಷರತ್ತಿನಲ್ಲಿ ಇದೆ ನೋಡಿ." ಇತ್ತು, ಹೌದು, ಕೊನೇ ಸಾಲಿನಲ್ಲಿ. ಆಮೇಲೆ ಒಂದು ವಾಯ್ಸ್ ಮೆಸೇಜು, ಏಳು ನಿಮಿಷ, ರಾಜಸ್ಥಾನದಲ್ಲಿ ಅತಿಥಿ ಅಂದರೆ ದೇವರು ಅಂತ. ಕೊನೆಗೆ: "ಮುಂದಿನ ವರ್ಷ ಒಂಟೆ ಸಫಾರಿಗೆ ಬನ್ನಿ, ನಿಮಗೆ 10 ಪರ್ಸೆಂಟ್ ಬಿಡುತ್ತೇನೆ." ಆಮೇಲೆ ಬ್ಲಾಕ್. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಬಿಲ್ ಇದೆಯಾ ಅಂದರು. ನನ್ನ ಹತ್ತಿರ ಇದ್ದದ್ದು ಯುಪಿಐ ಸ್ಕ್ರೀನ್‌ಶಾಟು, ಅದೂ ಯಾರೋ ಹೆಂಗಸಿನ ಸ್ವಂತ ಖಾತೆಗೆ ಹೋಗಿದ್ದು. ದೂರು ದಾಖಲಾಗಿದೆ. ದುಡ್ಡು ಬಂದಿಲ್ಲ.

ಹೋಗಲೇಬೇಕು ಅನ್ನುವವರು ಕುದುರೆ ಯಾರದು ಅಂತ ಕೇಳಿ. ಲಾಯದಿಂದ ವಿಡಿಯೋ ಕಾಲ್ ಮಾಡಿಸಿ, ಜೀನು ತೆಗೆಸಿ ಬೆನ್ನು ನೋಡಿ. ಬಿಳಿಯಲ್ಲದ ಕುದುರೆಯ ಭುಜದ ಹತ್ತಿರ ಬಿಳಿ ಮಚ್ಚೆ ಇದ್ದರೆ ಸಾಮಾನ್ಯವಾಗಿ ಅದು ಹಳೇ ಗಾಯದ ಗುರುತು. ನೀರು ಯಾವ ಗಾಡಿಯಲ್ಲಿ, ಎಷ್ಟು ಲೀಟರ್ ಅಂತ ಕೇಳಿ. ಧನುರ್ಮಾಸದಲ್ಲಿ ಹೋಗಿ. ಅಲ್ಲೂ ಆಗ ಮದುವೆ ಮಾಡುವುದಿಲ್ಲ. ರಾತ್ರಿ ಚಳಿಗೆ ಹಲ್ಲು ಕಟಕಟ ಅಂದರೂ ಬೆಳಿಗ್ಗೆ ಕುದುರೆ ಗೂಟದಲ್ಲೇ ಇರುತ್ತದೆ.

ಇನ್ನೊಂದು. ಅವರ ಹೊಸ ಜಾಹೀರಾತಿನಲ್ಲಿ ಮೂರನೇ ಫೋಟೋ ನೋಡಿ. ಹಸಿರು ಹೆಲ್ಮೆಟ್ ಹಾಕಿ, ಮುಂಗಾಲು ಎತ್ತಿದ ಬಿಳಿ ಕುದುರೆ ಮೇಲೆ ಕೂತಿರುವ ಹೆಂಗಸು. ಕೆಳಗೆ 'ನಮ್ಮ ಖುಷಿಯ ಅತಿಥಿ' ಅಂತ ಬರೆದಿದ್ದಾರೆ. ಅದು ನಾನು. ನಗುತ್ತಿಲ್ಲ, "ಇಳಿಸ್ರೋ" ಅಂತ ಕೂಗುತ್ತಿದ್ದೇನೆ.