ಕೆಲಸ ಹೋದ ತಿಂಗಳುಗಳಲ್ಲಿ ಅಂಚೆ ಕಚೇರಿಯ ಆರ್‌ಡಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒಂದೇ ಸಂಬಳದಲ್ಲಿ ಮನೆ ನಡೆಸುವವರು ಅಂಚೆ ಕಚೇರಿಯ 5 ವರ್ಷದ ಆರ್‌ಡಿಯನ್ನು, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿಯನ್ನು, ಒಮ್ಮೆ ನೋಡಲೇಬೇಕು. ನಮ್ಮ ಮನೆಯ ಕಷ್ಟದಲ್ಲಿ ಅದು ನಿಜಕ್ಕೂ ಕೈಗೆ ಬಂತು.

2023ರ ಡಿಸೆಂಬರ್‌ನಲ್ಲಿ ತಿಂಗಳಿಗೆ 5,000 ರೂಪಾಯಿಯಂತೆ ಶುರು ಮಾಡಿದ್ದೆವು. ಬಡ್ಡಿ ಶೇ. 6.7. ಎರಡು ವರ್ಷ ಆಗುವಷ್ಟರಲ್ಲಿ ನಮ್ಮೆಜಮಾನರ ಕೆಲಸ ಹೋಯಿತು. "ಆರ್‌ಡಿ ಮುರಿಸಿಬಿಡೋಣ" ಅಂದರು. ಆದರೆ ಮೂರು ವರ್ಷ ತುಂಬದೆ ಮುರಿಸಲು ಆಗುವುದಿಲ್ಲ. ತುಂಬಿದ ಮೇಲೆ ಮುರಿಸಿದರೂ ಸಿಗುವುದು ಸೇವಿಂಗ್ಸ್ ಖಾತೆಯ ಬಡ್ಡಿ, ಶೇ. 4 ಅಷ್ಟೇ.

ದಾರಿ ತೋರಿಸಿದ್ದು ನಮ್ಮ ಆರ್‌ಡಿ ಕಂತು ವಸೂಲಿ ಮಾಡುವ ಏಜೆಂಟ್ ಕಾಕು (ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ). ತಿಂಗಳು ತಿಂಗಳು ಮನೆಗೇ ಬಂದು, ಚಪ್ಪಲಿ ಕಳಚಿ ಬಾಗಿಲ ಹತ್ತಿರದ ಸ್ಟೂಲಿನಲ್ಲೇ ಕೂತು, ನೋಟು ಎರಡೆರಡು ಸಲ ಎಣಿಸಿ ಕಾರ್ಡಿನಲ್ಲಿ ಬರೆದು ಸಹಿ ಹಾಕುತ್ತಾರೆ. ಅವರ ಕಮಿಷನ್ ಸರ್ಕಾರದ್ದು, ನಮ್ಮಿಂದ ಒಂದು ಪೈಸೆ ಇಲ್ಲ. "ಮುರಿಸೋದು ಯಾಕೆ, ಲೋನ್ ತಗೊಳ್ಳಿ" ಅಂದರು. 12 ಕಂತು ಕಟ್ಟಿ ವರ್ಷ ತುಂಬಿದ್ದರೆ, ಕಟ್ಟಿದ ಹಣದ ಅರ್ಧದವರೆಗೆ ಸಾಲ ಸಿಗುತ್ತದೆ. ಬಡ್ಡಿ ಆರ್‌ಡಿಗಿಂತ ಶೇ. 2 ಮಾತ್ರ ಜಾಸ್ತಿ. ನಮ್ಮ 1,20,000ಕ್ಕೆ 60,000 ಬಂತು. ಬಡ್ಡಿ ತಿಂಗಳಿಗೆ 435 ರೂಪಾಯಿ. ಕ್ರೆಡಿಟ್ ಕಾರ್ಡಿನ ಬಾಕಿ ಎಳೆದರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯ ಮೇಲೆ ಹೋಗುತ್ತದಲ್ವಾ? ಮಗಳ ಸ್ಕೂಲ್ ಫೀಸು, ಸೊಸೈಟಿ ಮೇಂಟೆನೆನ್ಸ್, ಮತ್ತೆ ಆಫೀಸಿನ ಜೊತೆಗೇ ಹೋದ ಮೆಡಿಕ್ಲೇಮಿನ (ಆರೋಗ್ಯ ವಿಮೆಯ) ಬದಲು ಹೊಸದೊಂದು ಪಾಲಿಸಿ, ಎಲ್ಲ ಇದರಲ್ಲೇ ಆಯಿತು. ಒಡವೆ ಮುಟ್ಟಲಿಲ್ಲ.

ಕಂತು ತಪ್ಪಿದರೆ 100ಕ್ಕೆ 1 ರೂಪಾಯಿ ದಂಡ. ನಮಗೆ ಅಂದರೆ ತಿಂಗಳಿಗೆ 50. ನಾಲ್ಕು ಕಂತು ತಪ್ಪುವವರೆಗೆ ನಡೆಯುತ್ತದೆ, ಅದು ದಾಟಿದರೆ ಖಾತೆ ನಿಲ್ಲುತ್ತದೆ. ಮತ್ತೆ ಚಾಲೂ ಮಾಡಿಸಲು ಎರಡೇ ತಿಂಗಳ ಅವಕಾಶ. ಕೆಲಸ ಹುಡುಕುವವರಿಗೆ ಇದು ತೀರಾ ಬಿಗಿ ಅನ್ನಿಸುತ್ತದೆ. ಕಟ್ಟಿದ ಹಣಕ್ಕೆ ಆದಾಯ ತೆರಿಗೆ ವಿನಾಯಿತಿಯೂ ಇಲ್ಲ.

ಒಬ್ಬರ ಹೆಸರಿನಲ್ಲೇ ಎಷ್ಟು ಖಾತೆ ಬೇಕಾದರೂ ತೆರೆಯಬಹುದು. ಹಾಗಾಗಿ ಹೊಸದಾಗಿ ಮಾಡುವವರು 5,000ದ ಒಂದರ ಬದಲು 2,500ರ ಎರಡು ಮಾಡಿ. ಕೈ ಬಿಗಿಯಾದಾಗ ಒಂದನ್ನು ಕಟ್ಟುತ್ತಾ ಇನ್ನೊಂದನ್ನು ಸ್ವಲ್ಪ ತಡೆದುಕೊಳ್ಳಬಹುದು. ಎಜಮಾನರಿಗೆ ಈಗ ಠಾಣೆಯಲ್ಲಿ ಕೆಲಸ ಸಿಕ್ಕಿದೆ, ಮುಂದಿನದನ್ನು ನಾವೂ ಹಾಗೇ ಮಾಡುತ್ತೇವೆ.