ಎರಡು ಮಳೆಗಾಲ ಕಂಡ ಕಂಡೆನ್ಸರ್ ಮೈಕ್: ಒಂಟಿ ದನಿಗೆ ಚಿನ್ನ, ಕೋರಸ್ಸಿಗೆ ಕಿರಿಕಿರಿ

ಬಾಕ್ಸಿನ ಮೇಲೆ ಬರೆದದ್ದೆಲ್ಲ ನೀವು ಓದಿಯೇ ಇರುತ್ತೀರಿ, ಅದು ಬಿಡಿ. ಐದರಿಂದ ಏಳು ಸಾವಿರದೊಳಗೆ ಸಿಗುವ ದೊಡ್ಡ ಡಯಾಫ್ರಮ್ಮಿನ (ದನಿಗೆ ಕಂಪಿಸುವ ತೆಳು ಪೊರೆಯ) ಕಂಡೆನ್ಸರ್ ಮೈಕ್‌ಗಳಲ್ಲಿ ಇದೂ ಒಂದು; ಕಂಡೆನ್ಸರ್ ಎಂದರೆ ಸಣ್ಣ ಸದ್ದನ್ನೂ ಹಿಡಿಯುವ, ಕರೆಂಟು ಬೇಡುವ ಬಗೆ. ಹೆಸರು ಹೇಳಿ ಪ್ರಯೋಜನವಿಲ್ಲ, ಈ ದರದಲ್ಲಿ ಹೆಚ್ಚಿನವುಗಳ ಹಣೆಬರಹ ಒಂದೇ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮನೆಯ ಕೋಣೆಯಲ್ಲೇ ಭಕ್ತಿಗೀತೆ, ಭಾವಗೀತೆ, ತುಳು ಹಾಡು ರೆಕಾರ್ಡ್ ಮಾಡುವವರ ಬಜೆಟ್ ಸಾಧಾರಣವಾಗಿ ಇಲ್ಲಿಗೇ ನಿಲ್ಲುತ್ತದೆ. ಒಬ್ಬರೇ ಹಾಡುವಾಗ ಇದರ ತಕರಾರು ಗೊತ್ತೇ ಆಗುವುದಿಲ್ಲ. ದನಿ ಸ್ಪಷ್ಟ, ಹತ್ತಿರ, ಸ್ವಲ್ಪ ಹೊಳಪು. ಪಲ್ಲವಿಗೆ ಹಾರ್ಮನಿ (ಮುಖ್ಯ ಧಾಟಿಯ ಜೊತೆ ಬೇರೆ ಸ್ವರದಲ್ಲಿ ಹಾಡುವ ದನಿ) ಕೂರಿಸಲು ಹೊರಟ ದಿನ ಬಣ್ಣ ಬಯಲು.

ಲೆಕ್ಕ ಹಾಕಿ ನೋಡಿ. ಮೇಲಿನ ದನಿ ಎರಡು ಟೇಕ್, ಕೆಳಗಿನ ದನಿ ಎರಡು, ಮುಖ್ಯ ಧಾಟಿಯ ಜೋಡಿ ಎರಡು, ಕೆಳಗಿನ ಸ್ಥಾಯಿಯಲ್ಲಿ ಇನ್ನೆರಡು. ಒಟ್ಟು ಎಂಟು ಟ್ರ್ಯಾಕ್, ಎಂಟೂ ಅದೇ ಮೈಕಿನಲ್ಲಿ, ಅದೇ ಕೋಣೆಯಲ್ಲಿ. ‘ಶರಣು’, ‘ಸ್ವಾಮಿ’ ಎಂಬಂಥ ಪದ ಬಂದಲ್ಲೆಲ್ಲ ಎಂಟು ‘ಶ’ಕಾರವೋ ‘ಸ’ಕಾರವೋ ಒಂದರ ಹಿಂದೊಂದು ಇಪ್ಪತ್ತು ಮೂವತ್ತು ಮಿಲಿಸೆಕೆಂಡ್ ಅಂತರದಲ್ಲಿ ಬಂದು ಬೀಳುತ್ತವೆ. ಕೇಳಿದರೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ.

ಕಾರಣ ಕ್ಯಾಪ್ಸೂಲಿನಲ್ಲಿದೆ, ಅಂದರೆ ದನಿ ಹಿಡಿಯುವ ಒಳಭಾಗದಲ್ಲಿ. ಅಗ್ಗದ ಮೈಕ್‌ಗಳಲ್ಲಿ ಬಹಳಷ್ಟಕ್ಕೆ ಹಾಕುವುದು ಸ್ಟುಡಿಯೋಗಳ ದುಬಾರಿ ಮೈಕ್ ನಾಯ್ಮನ್ ಯು 87ರಲ್ಲಿರುವ ಕೆ 67 ಮಾದರಿಯನ್ನು ನೋಡಿ ಮಾಡಿದ ಕ್ಯಾಪ್ಸೂಲ್. ಅದು ಸ್ವಭಾವತಃ ಮೇಲಿನ ಫ್ರೀಕ್ವೆನ್ಸಿಗಳನ್ನು ಎತ್ತಿ ಹಿಡಿಯುತ್ತದೆ. ಮೂಲ ಮೈಕಿನಲ್ಲಿ ಆ ಏರನ್ನು ಇಳಿಸುವ ಏರ್ಪಾಡು ಸರ್ಕ್ಯೂಟಿನಲ್ಲೇ ಇದೆ. ಅಗ್ಗದವುಗಳಲ್ಲಿ ಎಷ್ಟೋ ಸಲ ಕ್ಯಾಪ್ಸೂಲ್ ಮಾತ್ರ ಬಂತು, ಆ ಏರ್ಪಾಡು ಬರಲಿಲ್ಲ. ಹಾಗಂತ ಎಂಟು ಟ್ರ್ಯಾಕ್ ಹಾಕಿದರೆ ಆ ಉಬ್ಬೇನೂ ಎಂಟು ಪಟ್ಟಾಗುವುದಿಲ್ಲ, ಹಾಗೆ ಹೇಳುವವರ ಮಾತು ತಪ್ಪು. ಉಬ್ಬು ಇದ್ದಷ್ಟೇ ಇರುತ್ತದೆ. ಆದರೆ ಮುಖ್ಯ ದನಿ ಕೂರಬೇಕಾದ ಜಾಗದಲ್ಲೇ ಹಾರ್ಮನಿಯೂ ಹೊಳೆಯುತ್ತಾ ಕೂತು, ಎಲ್ಲರೂ ಮುಂದಿನ ಸಾಲಿನಲ್ಲಿ ನಿಂತ ಫೋಟೋದಂತಾಗುತ್ತದೆ.

ನಿಜವಾಗಿಯೂ ಕೂಡುತ್ತಾ ಹೋಗುವುದು ಗದ್ದಲ. ಟ್ರ್ಯಾಕ್ ಎರಡು ಪಟ್ಟಾದಾಗೆಲ್ಲ ಹಿನ್ನೆಲೆ ಸದ್ದು ಸುಮಾರು 3 ಡೆಸಿಬೆಲ್ ಏರುತ್ತದೆ, ಎಂಟಕ್ಕೆ 9. ಫ್ಯಾನ್, ತೋಟದ ಪಂಪ್, ಸಂಜೆಯ ಕಪ್ಪೆಗಳ ವಟವಟ, ಎಲ್ಲದಕ್ಕೂ ಇದೇ ಲೆಕ್ಕ. ಹೆಂಚಿನ ಮನೆಯಲ್ಲಿ ಆಟಿಯ ಮಳೆ ಹೊಯ್ಯುವಾಗ ಹಾರ್ಮನಿ ತೆಗೆಯುವ ಆಸೆ ಬಿಡುವುದು ಒಳ್ಳೆಯದು. ಖಾಲಿ ಜಾಗಗಳನ್ನು ಟ್ರ್ಯಾಕ್ ಟ್ರ್ಯಾಕ್ ಆಗಿ ಕತ್ತರಿಸಿ, ತುದಿಗೆ 10 ಮಿಲಿಸೆಕೆಂಡ್ ಫೇಡ್ ಕೊಡಲೇಬೇಕು.

ಮಳೆಗಾಲದಲ್ಲಿ ಮೈಕಿನ ಉಪಚಾರವೂ ದೊಡ್ಡದು ಮಾರಾಯ್ರೆ. ತೇವ ಕುಡಿದರೆ ಹುರಿಗಡಲೆ ಸಿಡಿದ ಹಾಗೆ ಚಟಪಟ. ಉಪಾಯ ಸುಲಭ: ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಬಟ್ಟೆಯ ಗಂಟಿನಲ್ಲಿ ನೂರು ಗ್ರಾಂ ನೀಲಿ ಸಿಲಿಕಾ ಜೆಲ್. ಹರಳು ಗುಲಾಬಿಯಾಯಿತೆಂದರೆ ಸಣ್ಣ ಉರಿಯಲ್ಲಿ ಒಣ ಬಾಣಲೆಯಲ್ಲಿ ಬಿಸಿ ಮಾಡಿ, ನೀಲಿಗೆ ತಿರುಗಿದ ಮೇಲೆ ಆರಿಸಿ ಮತ್ತೆ ಡಬ್ಬಿಗೆ. (ಆ ಬಾಣಲೆ ಅಡುಗೆಗೆ ಬೇಡ.) ಮೈಕ್ ಹೊರಗೆ ತೆಗೆದು ಕೋಣೆಯ ಹದಕ್ಕೆ ಬರಲು ಕಾಲು ಗಂಟೆ ಬಿಟ್ಟು, ವಾಲ್ಯೂಮ್ ತಗ್ಗಿಸಿ, ಕೇಬಲ್ ಸಿಕ್ಕಿಸಿ, ಆಮೇಲೆ ಮೈಕಿಗೆ ಕೇಬಲ್ಲಿನಲ್ಲೇ ಕರೆಂಟು ಕೊಡುವ 48 ವೋಲ್ಟ್ ಫ್ಯಾಂಟಮ್ ಸ್ವಿಚ್. ಮುಗಿಸುವಾಗ ಮೊದಲು ಸ್ವಿಚ್ ಆಫ್, ನಂತರ ಕೇಬಲ್. ಸಂಜೆ ದೀಪ ಹಚ್ಚುವಷ್ಟೇ ನಿಷ್ಠೆ ಬೇಕು.

ಇಷ್ಟೆಲ್ಲ ಬೈದ ಮೇಲೂ ಮೈಕ್ ಮಾರಿಬಿಡಿ ಎನ್ನುವ ಹಾಗಿಲ್ಲ. ಅದನ್ನು ಮೂವತ್ತು ಡಿಗ್ರಿ ಓರೆ ಮಾಡಿದರೆ ಗುಣವೇ ಬೇರೆ. ಮುಖ್ಯ ದನಿಗೆ ಒಂದು ಗೇಣಿನೊಳಗೆ, ನೇರ ಎದುರು. ಹಾರ್ಮನಿಗೆ 35ರಿಂದ 40 ಸೆಂಟಿಮೀಟರ್ ದೂರ, ಮೈಕಿನ ಮುಖ ಹಾಡುವವರ ಗಲ್ಲದ ಬದಿಗೆ. ಮೇಲಿನ ಹೊಳಪು ತಾನಾಗಿ ಇಳಿಯುತ್ತದೆ, ಹತ್ತಿರದಿಂದ ಹಾಡಿದಾಗ ಉಬ್ಬುವ ತಗ್ಗುಸ್ವರದ ದಪ್ಪವೂ ಕರಗುತ್ತದೆ. ಜೊತೆಗೆ ಬಂದ ಸ್ಪಂಜಿನ ಟೋಪಿಯನ್ನು ಎಲ್ಲರೂ ಮೂಲೆಗೆ ಎಸೆಯುತ್ತಾರೆ. ಮೇಲಿನ ಫ್ರೀಕ್ವೆನ್ಸಿಗಳನ್ನು ಅದು ಒಂದಿಷ್ಟು ನುಂಗುತ್ತದಾದ್ದರಿಂದ ಹಾರ್ಮನಿಗೆ ಹಾಕಿ ನೋಡಿ. ದೂರ ಹೆಚ್ಚಿದರೆ ಕೋಣೆಯ ಮರುದನಿ ಸೇರುತ್ತದೆ, ಅದಕ್ಕೆ ದಪ್ಪ ಕಂಬಳಿ. ಕಂಬಳಿ ಇರಬೇಕಾದದ್ದು ಹಾಡುವವರ ಬೆನ್ನ ಹಿಂದೆ. ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕ್ ನೋಡುವುದು ಆ ಕಡೆಗೇ.

ಹಾಡುವವರ ವಿಷಯ. ಭಜನಾ ಮಂದಿರದಲ್ಲಿ ಬೆಳೆದ ಕೊರಳಿಗೆ ಎಲ್ಲರೂ ಒಂದೇ ಧಾಟಿ ಹಿಡಿಯುವುದು ಅಭ್ಯಾಸ. ಎರಡನೇ ಸ್ವರ ಹಿಡಿ ಅಂದರೆ ನಾಲ್ಕನೇ ಅಕ್ಷರಕ್ಕೆ ಮುಖ್ಯ ಧಾಟಿಗೇ ಜಾರುತ್ತಾರೆ. ಹೆಡ್‌ಫೋನಿನಲ್ಲಿ ಮುಖ್ಯ ದನಿ ತಗ್ಗಿಸಿ, ಕೀಬೋರ್ಡಿನಲ್ಲಿ ನುಡಿಸಿದ ಹಾರ್ಮನಿ ಸಾಲನ್ನು ಜೋರಾಗಿ ಕೊಡಿ. ರಾಗವೂ ಗಮನದಲ್ಲಿರಲಿ. ಮೋಹನದಲ್ಲಿ (ಸ ರಿ ಗ ಪ ದ, ಮಧ್ಯಮ–ನಿಷಾದ ಇಲ್ಲ) ‘ಒಂದು ಸ್ವರ ಬಿಟ್ಟು ಮೇಲಿನದು’ ಹಿಡಿದರೆ ಸ–ಗ ಮಾತ್ರ ಮೂರನೇ ಸ್ವರದ ಅಂತರ. ರಿ–ಪ, ಗ–ದ, ಪ–ಸ, ದ–ರಿ ನಾಲ್ಕೂ ನಾಲ್ಕನೆಯದು. ಸಿಹಿಗಿಂತ ಗಾಂಭೀರ್ಯ ಹೆಚ್ಚು. ಅಲ್ಲಿಗೆ ಮಧ್ಯಮ ತುರುಕಿ ಸಿಹಿ ಮಾಡುವುದಕ್ಕಿಂತ ಇದನ್ನೇ ಒಪ್ಪಿಕೊಳ್ಳುವುದು ಲೇಸು.

ಗಮಕ ಮುಖ್ಯ ದನಿಗಷ್ಟೇ. ನಾಲ್ಕು ಜನ ನಾಲ್ಕು ಬಗೆಯಲ್ಲಿ ಓಲಾಡಿಸಿದರೆ ಶ್ರುತಿ ಕಲಕಿಹೋಗುತ್ತದೆ. ತಂಬೂರಿಗೆ ಹಾಡಿದ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ (ಕೀಬೋರ್ಡಿನ ಪಕ್ಕಪಕ್ಕದ ಎರಡು ಸ್ವರಗಳ ನಡುವೆ 100), ಕೀಬೋರ್ಡಿನದು 400. ಹಿನ್ನೆಲೆಯಲ್ಲಿ ಕೀಬೋರ್ಡ್ ಉದ್ದಕ್ಕೆ ಗಾಂಧಾರ ಒತ್ತಿ ಹಿಡಿದಿದ್ದರೆ ಆ 14 ಸೆಂಟ್ ಕಿವಿಗೆ ಚುಚ್ಚುತ್ತದೆ. ಪದದ ಕೊನೆಯ ‘ಸ್’, ‘ಕ್’, ‘ತ್’ಗಳನ್ನು ಹಾರ್ಮನಿಯವರು ನುಂಗಲಿ, ಮುಖ್ಯ ದನಿ ಒಂದು ಹೇಳಿದರೆ ಸಾಕು. ಕಾವಲಿಯ ಸದ್ದು ಅರ್ಧ ನಿಲ್ಲುವುದು ಇಲ್ಲೇ.

ಮಿಕ್ಸಿಂಗ್ ಉದ್ದ ಬೇಡ. ಹಾರ್ಮನಿಗಳನ್ನೆಲ್ಲ ಒಂದೇ ಬಸ್ಸಿಗೆ (ಹಲವು ಟ್ರ್ಯಾಕ್ ಕೂಡುವ ಚಾನೆಲ್) ಕಳಿಸಿ 180 ಹರ್ಟ್ಸ್ ಕೆಳಗೆ ಕತ್ತರಿ, 300ರ ಸುತ್ತ 2–3 ಡೆಸಿಬೆಲ್ ತಗ್ಗು, 8 ಕಿಲೋಹರ್ಟ್ಸ್ ಮೇಲೆ ಇನ್ನು 3 ಇಳಿಕೆ. ಜೋರು ದನಿಯನ್ನು ತಗ್ಗಿಸುವ ಕಂಪ್ರೆಸರ್ 4:1, ಐದಾರು ಡೆಸಿಬೆಲ್ ಒತ್ತಿದರೂ ತೊಂದರೆಯಿಲ್ಲ. ‘ಸ’ಕಾರ ತಗ್ಗಿಸುವ ಡಿ-ಎಸ್ಸರ್ ಒಂದು, ಅದೇ ಬಸ್ಸಿನಲ್ಲಿ. ಮೇಲಿನ ದನಿಯ ಜೋಡಿ ಪೂರ್ತಿ ಎಡ–ಬಲ, ಕೆಳಗಿನದು ಅರ್ಧ ಎಡ–ಬಲ, ನಡುವೆ ಮುಖ್ಯ ದನಿ ಒಂದೇ. ರಿವರ್ಬ್ (ಮರುದನಿ) ಹಾರ್ಮನಿಗೆ ಹೆಚ್ಚು, ಮುಖ್ಯ ದನಿಗೆ ಕಡಿಮೆ.

ಎರಡನೇ ಟೇಕಿಗೆ ಸೋಮಾರಿತನ ಮಾಡಿ ಮೊದಲನೆಯದನ್ನೇ ಕಾಪಿ ಮಾಡಿ 15 ಮಿಲಿಸೆಕೆಂಡ್ ಸರಿಸುವವರಿದ್ದಾರೆ. ಹೆಡ್‌ಫೋನಿನಲ್ಲಿ ಭರ್ಜರಿ. ಎಡ–ಬಲ ಕೂಡಿ ಮೋನೋ ಆದೊಡನೆ 33, 100, 167 ಹರ್ಟ್ಸ್ ಎಂದು ಪ್ರತಿ 67ಕ್ಕೊಂದು ಹೊಂಡ ಬಿದ್ದು (ಆ ಫ್ರೀಕ್ವೆನ್ಸಿ ಅಳಿಸಿಹೋಗಿ) ದನಿ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ನಮ್ಮೂರಿನ ಹಾಡು ಕೊನೆಗೆ ಮೊಳಗುವುದು ಜಾತ್ರೆಯ ಕೋಳಾಂಬಿಯಲ್ಲಿ (ಕಹಳೆ ಬಾಯಿಯ ಧ್ವನಿವರ್ಧಕದಲ್ಲಿ), ಅದು ಅಪ್ಪಟ ಮೋನೋ. ಬೇರೆಯಾಗಿ ಹಾಡಿಸಿದ ಟೇಕಿಗೆ ಈ ಕಾಟವಿಲ್ಲ.

ಹೊಸದಾಗಿ ಕೊಳ್ಳುವವರಿಗೆ: ಒಂಟಿ ದನಿ, ಓದು, ಯಕ್ಷಗಾನ ಭಾಗವತಿಕೆಯ ದಾಖಲಾತಿಗೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಕೋರಸ್ಸೇ ಮುಖ್ಯವೆಂದಾದರೆ ಅದೇ ದುಡ್ಡಿಗೆ ಸ್ಟೇಜಿನಲ್ಲಿ ಬಳಸುವ, ಕರೆಂಟು ಬೇಡದ ಡೈನಾಮಿಕ್ ಮೈಕ್ ಒಂದು ಮೊದಲು ಬರಲಿ. ಹೊಳಪು ಕಡಿಮೆ, ಮಳೆಗಾಲದಲ್ಲಿ ಡಬ್ಬಿಯೂ ಬೇಡ.